ಏಳನೆಯವರು ಬಂದ ಸಂಜೆ

ಸಂಘದ ಕಾರ್ಯದರ್ಶಿ ಫೋನ್ ಮಾಡಿ, "ನೀವೇ ಬರೀಬೇಕು ಮೇಡಂ. ನಾಲ್ಕು ವರ್ಷ ಅವರ ಕೈಕೆಳಗೆ ಕೆಲಸ ಮಾಡಿದವರು, ದಿನಾ ಅವರ ಕಾರಲ್ಲೇ ಹೋಗಿ ಬಂದವರು ಬೇರೆ ಯಾರಿದ್ದಾರೆ?" ಎಂದರು. ಮಸ್ಕತ್ತಿನಲ್ಲಿರುವ ನಮ್ಮ ಕರಾವಳಿಯವರ ಸಂಘ ವರ್ಷಕ್ಕೊಂದು ಸಂಚಿಕೆ ತರುತ್ತದೆ. ಕಳೆದ ತಿಂಗಳು ಮಂಗಳೂರಿನಲ್ಲಿ ತೀರಿಕೊಂಡ ನನ್ನ ಹಳೆಯ ಮೇಲಧಿಕಾರಿಯ ನೆನಪಿಗೆ ಈ ಸಲ ಎರಡು ಪುಟ ಮೀಸಲು. "ಫೋಟೋ ನಾವು ಹಾಕ್ತೇವೆ. ನೀವು ಹೃದಯದಿಂದ ಬರೀರಿ" ಎಂದೂ ಸೇರಿಸಿದರು. ಬರೆಯುತ್ತೇನೆ ಎಂದೆ. ಹೃದಯದಿಂದಲೇ ಬರೆಯುತ್ತಿದ್ದೇನೆ. ಸಂಘದವರು ಹಾಕದಿದ್ದರೆ ಇನ್ನೆಲ್ಲಾದರೂ ಕೊಡುತ್ತೇನೆ.

ಅವರು ಇಲ್ಲಿನ ಒಂದು ರಾಯಭಾರ ಕಚೇರಿಯಲ್ಲಿ ಮೂವತ್ತನಾಲ್ಕು ವರ್ಷ ಇದ್ದರು. ನಮ್ಮ ದೇಶದ್ದಲ್ಲ. ದೂರದ, ಚಳಿಯ, ಸಣ್ಣ ದೇಶವೊಂದರದು, ಹೆಸರು ಬೇಡ. ರಾಯಭಾರಿಗಳು ಮೂರು ನಾಲ್ಕು ವರ್ಷಕ್ಕೊಮ್ಮೆ ಬದಲಾಗುತ್ತಾರೆ. ಅವರ ಹಿಂದೆ ಬಂದ ಅಧಿಕಾರಿಗಳೂ ಬದಲಾಗುತ್ತಾರೆ. ಬದಲಾಗದೆ ಉಳಿಯುವವರು ನಾವು, ಅಂದರೆ ಇಲ್ಲೇ ನೇಮಿಸಿಕೊಂಡ ಸಿಬ್ಬಂದಿ. ನಮ್ಮಲ್ಲಿ ಎಲ್ಲರಿಗಿಂತ ಹಳಬರು ಅವರು. ಶಿಷ್ಟಾಚಾರ ವಿಭಾಗದ ಮುಖ್ಯಸ್ಥರು. ಔತಣಕ್ಕೆ ಯಾರನ್ನು ಕರೆಯಬೇಕು, ಯಾರ ಪಕ್ಕ ಯಾರು ಕೂರಬೇಕು, ಯಾವ ಬಾಗಿಲನ್ನು ಯಾರು ತೆರೆಯಬೇಕು, ಎಲ್ಲವೂ ಅವರ ಕೈಯಲ್ಲಿ.

ಎತ್ತರ ಕಡಿಮೆ. ಕೂದಲಿಗೆ ಪ್ರತಿ ಶುಕ್ರವಾರ ಬಣ್ಣ. ಮನೆಯಲ್ಲಿ ಕೊಂಕಣಿ, ನನ್ನ ಜೊತೆ ಕನ್ನಡ, ಸಿಟ್ಟು ಬಂದರೆ ತುಳು. ರಾಯಭಾರಿಯ ಎಡಕ್ಕೆ, ಒಂದೂವರೆ ಹೆಜ್ಜೆ ಹಿಂದೆ ನಡೆಯುವುದು ಅವರಿಗೆ ಎಷ್ಟು ರೂಢಿಯಾಗಿತ್ತೆಂದರೆ, ಸೂಪರ್‌ಮಾರ್ಕೆಟ್ಟಿನಲ್ಲಿ ಹೆಂಡತಿಯ ಜೊತೆ ನಡೆಯುವಾಗಲೂ ಅದೇ ಅಂತರ ಇರುತ್ತಿತ್ತು. ಒಮ್ಮೆ ಅವರ ಹೆಂಡತಿ ತಿರುಗಿ, "ಪಕ್ಕಕ್ಕೆ ಬನ್ನಿ, ನಾನೇನು ಎಂಟನೆಯವರಾ?" ಎಂದದ್ದನ್ನು ನಾನೇ ಕೇಳಿದ್ದೇನೆ.

ಎಂಟನೆಯವರು ಅಂದರೆ ಎಂಟನೆಯ ರಾಯಭಾರಿ. ಅವರು ಯಾರನ್ನೂ ಹೆಸರಿನಿಂದ ಹೇಳುತ್ತಿರಲಿಲ್ಲ. ನಮ್ಮ ಕಾರಿಡಾರಿನಲ್ಲಿ ಹಿಂದಿನ ಹತ್ತು ರಾಯಭಾರಿಗಳ ಫೋಟೋಗಳು ಸಾಲಾಗಿ ಇವೆ. ಅವರು ಅದರ ಮುಂದೆ ನಿಂತು ಹೊಸಬರಿಗೆ ಪಾಠ ಮಾಡುತ್ತಿದ್ದರು. ಮೊದಲನೆಯವರು ರೂವಿಯಲ್ಲಿ ಎರಡು ಕೋಣೆಯ ಬಾಡಿಗೆ ಮನೆಯಲ್ಲಿ ಕಚೇರಿ ಶುರು ಮಾಡಿದ್ದು. ಮಂಚವನ್ನು ಗೋಡೆಗೆ ಒರಗಿಸಿ ವೀಸಾ ಕೊಡುತ್ತಿದ್ದದ್ದು. ಮೂರನೆಯವರು ಖಸಬ್‌ಗೆ ದೋಣಿಯಲ್ಲಿ ಹೋಗಿ, ಅಲ್ಲಿನ ವಾಲಿಗೆಂದು, ಅಂದರೆ ಪ್ರಾಂತಾಧಿಕಾರಿಗೆಂದು, ತಂದ ಉಡುಗೊರೆಯ ಪೆಟ್ಟಿಗೆಯ ಮೇಲೇ ವಾಂತಿ ಮಾಡಿಕೊಂಡದ್ದು. ನಾಲ್ಕನೆಯವರಿಗೆ ಏಲಕ್ಕಿ ಆಗದು. ಅವರಿಗೆ ಮಾತ್ರ ಬೇರೆ ಕಾಫಿ. ಆರನೆಯವರು ಇಬ್ರಿಯ ಸಂತೆಯಲ್ಲಿ ಖರ್ಜೂರ ಮಾರುವವನಿಂದ ಅರಬ್ಬಿ ಕಲಿತು, ಮಂತ್ರಿಗಳ ಎದುರು ಸಂತೆಯ ಭಾಷೆ ಆಡಿಬಿಟ್ಟದ್ದು. ಈ ಎಲ್ಲ ಕತೆಗಳಲ್ಲೂ ಕೊನೆಗೆ ಕಾಪಾಡುವವರು ಅವರೇ. "ಪೆಟ್ಟಿಗೆ ತೊಳೆದದ್ದು ಯಾರು? ನಾನು." "ಬೇರೆ ಕಾಫಿ ಹಿಡಿದು ಹಿಂದೆ ನಿಂತದ್ದು ಯಾರು? ನಾನು." ಎರಡನೆಯವರ ಕಾಲದಲ್ಲಿ ಸೇರಿದವರು ಮೊದಲನೆಯವರ ಮಂಚವನ್ನು ಯಾವಾಗ ನೋಡಿದರೆಂದು ಕೇಳುವ ಧೈರ್ಯ ಯಾರಿಗೂ ಇರಲಿಲ್ಲ.

ನನ್ನ ಮನೆ ಅಲ್ ಮಬೇಲಾದಲ್ಲಿ. ಅವರದ್ದು ಎರಡು ರಸ್ತೆ ಆಚೆ. ಕೆಲಸಕ್ಕೆ ಸೇರಿದ ಎರಡನೆಯ ವಾರವೇ, "ಟ್ಯಾಕ್ಸಿ ಯಾಕೆ? ನಾನು ಹೇಗೂ ಹೋಗ್ತೇನಲ್ಲ" ಎಂದು ಬಾಗಿಲಿಗೆ ಕಾರು ತಂದರು. ಹೋಗುವಾಗ ನಲವತ್ತು ನಿಮಿಷ, ಬರುವಾಗ ಐವತ್ತು. ಕಾರು ಓಡಿಸುವುದು ಅವರಿಗೆ ಬರುತ್ತಿರಲಿಲ್ಲ. ಬ್ರೇಕನ್ನು ಯಾರ ಮೇಲೋ ದ್ವೇಷವಿದ್ದಂತೆ ಒತ್ತುತ್ತಿದ್ದರು. ಮುಂದಿನವರು ಸ್ವಲ್ಪ ನಿಧಾನಿಸಿದರೆ, "ಯಲ್ಲಾ ಮಾರಾಯ, ಹೋಗು! ನಿನ್ನ ಹಿಂದೆ ಮನುಷ್ಯರಿದ್ದಾರೆ!" ಎಂದು ಮುಚ್ಚಿದ ಕಿಟಕಿಗೆ ಕೂಗುತ್ತಿದ್ದರು. ಚೆನ್ನಾಗಿ ಓಡಿಸುವವರ ಕಾರಿನಲ್ಲಿ ಬೆಳೆದವಳು ನಾನು. ಸೀಟಿನ ಅಂಚು ಹಿಡಿದು ಸುಮ್ಮನೆ ಕೂರುತ್ತಿದ್ದೆ.

ಆ ದಾರಿಯಲ್ಲೇ ಅವರು ನನಗೆ ಕೆಲಸ ಕಲಿಸಿದರು. ಚೆನ್ನಾಗಿಯೇ ಕಲಿಸಿದರು. ಏನನ್ನೂ ಬಚ್ಚಿಡಲಿಲ್ಲ.

"ರಾಯಭಾರಿ ಯಾವಾಗ ರಾಯಭಾರಿ ಆಗ್ತಾರೆ? ಹೇಳು ನೋಡುವ."

"ನೇಮಕ ಆದಾಗ."

"ಅಲ್ಲ."

"ಇಲ್ಲಿ ಬಂದು ಇಳಿದಾಗ?"

"ಅಲ್ಲ ಮಾರಾಯ್ತಿ! ಇತಿಹಾಸದಲ್ಲಿ ಎಂ.ಎ. ಮಾಡಿದ್ದಂತೆ. ಎಂಥ ಓದಿದ್ದು? ಅರಮನೆಗೆ ಹೋಗಿ, ತನ್ನ ಸರ್ಕಾರ ಕೊಟ್ಟ ಅಧಿಕಾರಪತ್ರವನ್ನು ಸುಲ್ತಾನರ ಕೈಯಲ್ಲಿ ಇಟ್ಟಾಗ. ಅಲ್ಲಿವರೆಗೆ ಅವರು ಬರೀ ಒಬ್ಬ ಮನುಷ್ಯ. ನಮ್ಮಲ್ಲಿ ಅಲ್ಲಿವರೆಗೆ ಕಾರಿನ ಬಾವುಟ ಬಿಚ್ಚುವ ಹಾಗಿಲ್ಲ. ಕವರ್ ಹಾಕಿಯೇ ಇರಬೇಕು."

ನಾನು ಗೊತ್ತಾಯಿತೆಂದು ತಲೆಯಾಡಿಸಿದೆ. ಅವರು ಬ್ರೇಕ್ ಒತ್ತಿ, ಬಿಟ್ಟು, ಮುಂದುವರಿಸಿದರು. "ಇದು ಗೊತ್ತಿಲ್ಲದೆ ಒಬ್ಬ ಡ್ರೈವರ್ ಮನೆಗೆ ಹೋದ. ಏಳನೆಯವರನ್ನು ಕರೆದುಕೊಂಡು ಬರ್ಲಿಕ್ಕೆ ಏರ್‌ಪೋರ್ಟಿಗೆ ಹೋದವನು ಬಾವುಟ ಬಿಚ್ಚಿ ಹಾರಿಸಿಕೊಂಡೇ ಬಂದ. ಇಲ್ಲಿನ ಸರ್ಕಾರದವರು ಬೆಳಿಗ್ಗೆ ಫೋನ್ ಮಾಡಿ ಕೇಳಿದ್ರು. ಮರ್ಯಾದೆ ಹೋಯ್ತು. ವೀಸಾ ಕ್ಯಾನ್ಸಲ್, ಖಲಾಸ್."

"ಅವನ ಹೆಸರೇನು?"

"ಯಾರಿಗೆ ನೆನಪುಂಟು? ಡ್ರೈವರ್."

ಆ ಡ್ರೈವರ್ ನನ್ನ ಅಪ್ಪ. ಹೆಸರು ಸಂಜೀವ ದೇವಾಡಿಗ. ನಾಲ್ಕನೆಯವರಿಂದ ಆರನೆಯವರವರೆಗೆ ಹನ್ನೊಂದು ವರ್ಷ ಆ ಕಚೇರಿಯ ಕಾರು ಓಡಿಸಿದವರು. ಏಳನೆಯವರನ್ನು ಓಡಿಸಿದ್ದು ಒಂದೇ ಸಂಜೆ.

ಆಗ ನಾನು ಇಲ್ಲಿನ ಇಂಡಿಯನ್ ಸ್ಕೂಲಿನಲ್ಲಿ ಏಳನೆಯ ಕ್ಲಾಸು. ಅರ್ಧವಾರ್ಷಿಕ ಪರೀಕ್ಷೆಯ ನಡುವೆ ಮನೆ ಖಾಲಿ ಮಾಡಿದೆವು. ವಿಜ್ಞಾನದ ಪರೀಕ್ಷೆ ಬರೆದೆ, ಸಮಾಜ ಬರೆಯಲಿಲ್ಲ. ಅಪ್ಪ ಯಾರ ಬಳಿಯೂ ಏನೂ ಹೇಳಲಿಲ್ಲ. ಊರಿನಲ್ಲಿ, "ಸಾಕು ಅಂತ ಬಂದೆ" ಎಂದರು. ಅಮ್ಮನಿಗೆ ಮಾತ್ರ ನಿಜ ಗೊತ್ತಿತ್ತು. ನನಗೆ ಅವಳು ಹೇಳಿದ್ದು ನಾನು ಪದವಿ ಮುಗಿಸಿದ ಮೇಲೆ. ಬಾವುಟ ಬಿಚ್ಚಬೇಕೆಂದು ಆ ದಿನದ ಕಾರ್ಯಕ್ರಮ ಪಟ್ಟಿಯಲ್ಲೇ ಬರೆದಿತ್ತು. ಅಪ್ಪನಿಗೆ ಅನುಮಾನ ಬಂದು, "ಸಾರ್, ಕವರ್ ತೆಗೀಬೇಕಾ?" ಎಂದು ಕೇಳಿದ್ದರು. "ಕಾಗದದಲ್ಲಿ ಇದ್ದ ಹಾಗೆ ಮಾಡು" ಎಂದಿದ್ದರು ಪಟ್ಟಿ ಬರೆದವರು, ಅಂದರೆ ಇದೇ ಸಾರ್. ಮರುದಿನ ಅದೇ ಪಟ್ಟಿ ಬರೆದವರು, ಚಾಲಕ ತನ್ನ ಇಷ್ಟದಂತೆ ಹೀಗೆ ಮಾಡಿದ ಎಂದು ವರದಿ ಕೊಟ್ಟರು. ಅಪ್ಪನ ಹತ್ತಿರ ಬಂದು ಕೈ ಹಿಡಿದುಕೊಂಡು, "ನೀನು ಈಗ ಬಾಯಿ ಬಿಡಬೇಡ. ಎರಡು ತಿಂಗಳಲ್ಲಿ ಬೇರೆ ವೀಸಾ ಮಾಡಿ ವಾಪಸ್ ಕರೆಸ್ತೇನೆ" ಎಂದೂ ಹೇಳಿದರು. ಅಪ್ಪ ನಂಬಿದರು. ಮೊದಲ ವರ್ಷ ಮನೆಯಲ್ಲಿ ಫೋನ್ ರಿಂಗಾದರೆ ಅವರೇ ಎದ್ದು ಹೋಗುತ್ತಿದ್ದರು. ಆಮೇಲೆ ಶಾಲೆಯ ವ್ಯಾನಿಗೆ ಸೇರಿದರು. ಮಕ್ಕಳು ಗಲಾಟೆ ಮಾಡಿದರೂ ಅವರ ವ್ಯಾನು ಕುಲುಕುವುದಿಲ್ಲ ಎಂದು ಟೀಚರುಗಳು ಹೇಳುತ್ತಿದ್ದರು.

ನಾನು ಸೇಡು ತೀರಿಸಿಕೊಳ್ಳಲು ಆ ಕಚೇರಿಗೆ ಸೇರಿದ್ದಲ್ಲ. ಕೆಲಸ ಹುಡುಕುತ್ತಿದ್ದೆ, ಜಾಹೀರಾತು ಕಂಡಿತು, ಅರ್ಜಿ ಹಾಕಿದೆ. ಸಂದರ್ಶನಕ್ಕೆ ಕರೆದ ಪತ್ರದ ಕೆಳಗೆ ಆ ಪಟ್ಟಿ ಬರೆದವರ ಸಹಿ ಇತ್ತು. ಅದನ್ನು ನೋಡಿದ ಮೇಲೂ ಹೋದೆ. ನಿಜ ಹೇಳುವುದಾದರೆ ಇಷ್ಟೇ.

ಸಂದರ್ಶನದಲ್ಲಿ ಅವರು ಕೇಳಿದ್ದು ಎರಡೇ. "ಊರು?" ಹೇಳಿದೆ. "ಓ, ನಮ್ಮ ಕಡೆಯೇ. ಅಪ್ಪ ಎಂಥ ಮಾಡ್ತಾರೆ?" "ಶಾಲೆಯ ವ್ಯಾನು ಓಡಿಸ್ತಾರೆ." "ಒಳ್ಳೇದು, ಕಷ್ಟಪಟ್ಟು ಓದಿಸಿದ್ದಾರೆ" ಎಂದರು. ದೇವಾಡಿಗ ಎಂಬ ಹೆಸರು ನಮ್ಮ ಕಡೆ ಬೇಕಾದಷ್ಟು. ನನ್ನ ವೀಸಾದ ಅರ್ಜಿಯಲ್ಲಿ ತಂದೆಯ ಹೆಸರನ್ನು ಪೂರ್ತಿಯಾಗಿ, ದುಂಡಗಿನ ಅಕ್ಷರದಲ್ಲಿ ತುಂಬಿದವರು ಅವರೇ. ಪೆನ್ನು ಎಲ್ಲೂ ನಿಲ್ಲಲಿಲ್ಲ.

ಅವರು ಕೆಟ್ಟವರೆಂದು ಹೇಳಿದರೆ ಸಂಘದವರು ಒಪ್ಪುವುದಿಲ್ಲ. ಒಪ್ಪಬೇಕಾಗಿಯೂ ಇಲ್ಲ. ನನಗೆ ಜ್ವರ ಬಂದಾಗ ಅವರ ಮನೆಯಿಂದ ಮೂರು ದಿನ ಗಂಜಿ ಬಂದಿದೆ. ಕಫೀಲ್, ಅಂದರೆ ವೀಸಾ ಕೊಡಿಸಿದ ಧಣಿ, ಪಾಸ್‌ಪೋರ್ಟ್ ಹಿಡಿದಿಟ್ಟುಕೊಂಡ ಎಷ್ಟು ಜನರಿಗೆ ಅವರು ಅರಬ್ಬಿಯಲ್ಲಿ ಅರ್ಜಿ ಬರೆದುಕೊಟ್ಟಿದ್ದಾರೋ ಲೆಕ್ಕವಿಲ್ಲ. ಅಂಥವರಲ್ಲಿ ಡ್ರೈವರುಗಳೂ ಇದ್ದರು. ಇದನ್ನೆಲ್ಲ ನೋಡುತ್ತಾ ನನ್ನ ಸಿಟ್ಟು ಕಡಿಮೆಯಾಗಬೇಕಿತ್ತು. ಹೆಚ್ಚಾಯಿತು. ಹೀಗೆ ಮಾಡಲು ಬರುತ್ತಿದ್ದ ಮನುಷ್ಯ ಅಪ್ಪನಿಗೆ ಒಂದು ಫೋನು ಮಾಡಿರಲಿಲ್ಲ.

ಅವರ ನಿವೃತ್ತಿಯ ವರ್ಷವೇ ಕಚೇರಿಯ ನಲವತ್ತನೆಯ ವಾರ್ಷಿಕೋತ್ಸವವೂ ಬಂತು. ಈಗಿನ ರಾಯಭಾರಿ, ಹನ್ನೊಂದನೆಯವರು, ಒಬ್ಬ ಹೆಂಗಸು. ಮೊದಲನೆಯವರಿಂದ ಇಲ್ಲಿಯವರೆಗಿನ ಇತಿಹಾಸವನ್ನು ಒಂದು ಪುಸ್ತಕ ಮಾಡಬೇಕೆಂದು ಅವರಿಗೆ ಆಸೆ. ಇತಿಹಾಸ ಓದಿದವಳೆಂದು ನನಗೆ ಒಪ್ಪಿಸಿದರು. ಬಿಡುಗಡೆಯ ದಿನವೇ ನಮ್ಮ ಶಿಷ್ಟಾಚಾರದ ಮುಖ್ಯಸ್ಥರ ಬೀಳ್ಕೊಡುಗೆ, ಪುಸ್ತಕದಿಂದ ಆಯ್ದ ಪುಟಗಳನ್ನು ಅವರೇ ಓದುವುದು ಎಂದು ತೀರ್ಮಾನವಾಯಿತು. ಅವರು ಹಿಗ್ಗಿದರು. ಕಾರಿನಲ್ಲಿ ದಿನಾ ಕೇಳುತ್ತಿದ್ದರು: "ನನ್ನ ಬಗ್ಗೆ ಎಷ್ಟು ಪುಟ?"

"ನೀವಿಲ್ಲದ ಅಧ್ಯಾಯ ಯಾವುದುಂಟು ಸಾರ್?"

"ಅದು ಹೌದು. ಆದ್ರೆ ಹೆಸರು ಹಾಕಿ ಬರಿ. 'ಸಿಬ್ಬಂದಿ' ಅಂತ ಬರೆದು ಮುಗಿಸಬೇಡ. ಮೂವತ್ತನಾಲ್ಕು ವರ್ಷ ದುಡಿದವನಿಗೆ ಒಂದು ಹೆಸರು ಬೇಡವಾ?"

ಉಗ್ರಾಣದಲ್ಲಿ ಹಳೆಯ ಕಡತಗಳ ಪೆಟ್ಟಿಗೆಗಳಿದ್ದವು. ಏಳನೆಯವರ ಆಗಮನದ ಕಡತ ಸಿಗಲು ಹನ್ನೆರಡು ದಿನ ಹಿಡಿಯಿತು. ಮೊದಲು ಸಿಕ್ಕಿದ್ದು ವರದಿ. ಅರ್ಧ ಪುಟ. ಅದರಲ್ಲಿ 'ಚಾಲಕ' ಎಂಬ ಮಾತು ಆರು ಸಲ ಬರುತ್ತದೆ, ಅಪ್ಪನ ಹೆಸರು ಒಮ್ಮೆಯೂ ಇಲ್ಲ. ಇಲ್ಲಿ ನಾನು ವರದಿ ಬರೆದವರ ಹೆಸರು ಬರೆಯದಿರುವುದು ಆ ಕಾರಣಕ್ಕೆ.

ವರದಿಯ ಕೆಳಗೆ ಕಾರ್ಯಕ್ರಮ ಪಟ್ಟಿ ಇತ್ತು. ನಮ್ಮಲ್ಲಿ ಪ್ರತಿ ಆಗಮನಕ್ಕೂ ನಿಮಿಷ ನಿಮಿಷದ ಪಟ್ಟಿ ಮಾಡುತ್ತಾರೆ: ಯಾರು ಎಲ್ಲಿ ನಿಲ್ಲಬೇಕು, ಹೂವು ಯಾರ ಕೈಯಲ್ಲಿ, ಕಾರಿನ ಯಾವ ಬಾಗಿಲು. ಹೊಸದನ್ನು ಬರೆಯುವ ಬದಲು ಹಿಂದಿನದನ್ನು ಮುಂದಿಟ್ಟುಕೊಂಡು ಹೆಸರು, ಸಮಯ ಮಾತ್ರ ಬದಲಿಸುವುದು ರೂಢಿ. ಅವರು ಮುಂದಿಟ್ಟುಕೊಂಡದ್ದು ಆರನೆಯವರು ತಮ್ಮ ದೇಶದ ಮಂತ್ರಿಯೊಬ್ಬರ ಜೊತೆ ವಾಪಸಾದ ದಿನದ ಪಟ್ಟಿ. ಆರನೆಯವರು ಅಧಿಕಾರಪತ್ರ ಕೊಟ್ಟು ಎಷ್ಟೋ ಕಾಲವಾಗಿತ್ತು. ಅವರ ಕಾರಿಗೆ ಬಾವುಟ ಸರಿ. 'ಕಾರು ದ್ವಾರಕ್ಕೆ, ಬಾವುಟದ ಕವರ್ ತೆಗೆದು' ಎಂಬ ಸಾಲು ಹಾಗೇ ಉಳಿದುಹೋಗಿತ್ತು. ಕೆಳಗೆ ಪಟ್ಟಿ ಬರೆದವರ ಸಹಿ. ಯಾರಿಗೂ ಆಗಬಹುದಾದ ತಪ್ಪು. ಒಪ್ಪಿಕೊಂಡಿದ್ದರೆ ಒಂದು ಬೈಗುಳದಲ್ಲಿ ಮುಗಿಯುತ್ತಿತ್ತೋ ಏನೋ. ನಾನು ಎರಡೂ ಕಾಗದಗಳನ್ನು ರಾಯಭಾರಿಯ ಮೇಜಿನ ಮೇಲೆ ಇಟ್ಟು, ನಾನು ಯಾರ ಮಗಳೆಂದೂ ಹೇಳಿದೆ. ಕಚೇರಿಯಲ್ಲಿ ಅದನ್ನು ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು.

ರಾಯಭಾರಿ ಎರಡನ್ನೂ ಎರಡೆರಡು ಸಲ ಓದಿದರು. "ನಿನ್ನ ಅಧ್ಯಾಯದಲ್ಲಿ ಏನು ಬರೆದಿದ್ದೀಯ?" ತೋರಿಸಿದೆ. ಅವರು ಪೆನ್ನು ತೆಗೆದು ಒಂದೇ ಕಡೆ ಗೆರೆ ಹೊಡೆದರು. ಅಲ್ಲಿ ಪಟ್ಟಿ ಬರೆದವರ ಹೆಸರಿತ್ತು. "ಇದು ಬೇಡ. ಉಳಿದದ್ದು ಇರಲಿ. ಆದರೆ ಓದುವ ಪುಟಗಳನ್ನು ಅವರಿಗೆ ಮೊದಲೇ ಕೊಡು."

ಕೊಟ್ಟೆ. ಒಂದು ವಾರ ಮೊದಲೇ, ಲಕೋಟೆಯಲ್ಲಿ ಹಾಕಿ, ಕೈಗೇ ಕೊಟ್ಟೆ. ಅವರು ಲಕೋಟೆಯನ್ನು ತೂಗಿ ನೋಡಿ ನಕ್ಕು, "ನನ್ನ ಇತಿಹಾಸ ನಾನು ಪ್ರಾಕ್ಟೀಸ್ ಮಾಡುದಾ?" ಎಂದು ಡ್ರಾಯರಿನಲ್ಲಿ ಹಾಕಿದರು. ಅವರು ತೆರೆಯುವುದಿಲ್ಲವೆಂದು ನನಗೆ ಗೊತ್ತಿತ್ತು. ತೆರೆಯಿರಿ ಎಂದು ನಾನು ನೆನಪಿಸಲಿಲ್ಲ.

ಬೀಳ್ಕೊಡುಗೆಗೆ ಕಚೇರಿಯ ಹುಲ್ಲುಹಾಸಿನಲ್ಲಿ ನೂರಿಪ್ಪತ್ತು ಕುರ್ಚಿ. ಬೇರೆ ರಾಯಭಾರ ಕಚೇರಿಗಳವರು, ಸಂಘದವರು, ಅವರ ಮೂವರು ಮಕ್ಕಳು. ಕುರ್ಚಿಗಳ ಕ್ರಮವನ್ನು ಅವರೇ ಹಾಕಿಸಿದ್ದರು. ಅವರು ಕನ್ನಡಕ ಹಾಕಿಕೊಂಡು ಚೆನ್ನಾಗಿ ಓದಿದರು. ಮಂಚಕ್ಕೆ ಜನ ನಕ್ಕರು. ಖಸಬ್‌ನ ದೋಣಿಗೆ ಇನ್ನೂ ಜೋರಾಗಿ ನಕ್ಕರು. ಪುಟ ತಿರುಗಿಸಿದರು.

"ಏಳನೆಯ ರಾಯಭಾರಿಯವರು ಆಗಮಿಸಿದ ಸಂಜೆ ಕಚೇರಿಯಿಂದ ಒಂದು ತಪ್ಪಾಯಿತು. ಹಿಂದಿನ ಸಂದರ್ಭದ ಕಾರ್ಯಕ್ರಮ ಪಟ್ಟಿಯನ್ನು ನಕಲು ಮಾಡುವಾಗ, ಬಾವುಟದ ಕವರ್ ತೆಗೆಯಬೇಕೆಂಬ ಸಾಲು ಉಳಿದುಹೋಯಿತು."

ಇಲ್ಲಿಯವರೆಗೆ ಅವರ ದನಿ ಬದಲಾಗಲಿಲ್ಲ. ಕಣ್ಣು ಮಾತ್ರ ಸಾಲಿಗಿಂತ ಮುಂದೆ ಓಡಿತ್ತು. ನಿಲ್ಲಿಸಿದರು. ರಾಯಭಾರಿ ಮೊದಲ ಸಾಲಿನಲ್ಲಿ ಮಡಿಲಲ್ಲಿ ಕೈ ಇಟ್ಟುಕೊಂಡು ಕಾಯುತ್ತಿದ್ದರು. ರಾಯಭಾರಿಯನ್ನು ಕಾಯಿಸುವುದು ಅವರಿಗೆ ತಿಳಿದಿರಲಿಲ್ಲ. ಮತ್ತೆ ಶುರು ಮಾಡಿದರು.

"ಚಾಲಕ ಸಂಜೀವ ದೇವಾಡಿಗ ಅವರು..." ಇಲ್ಲಿ ಒಮ್ಮೆ ನಿಲ್ಲಿಸಿದರು. "...ಆ ಲಿಖಿತ ಪಟ್ಟಿಯಂತೆಯೇ ನಡೆದುಕೊಂಡರು. ತಪ್ಪನ್ನು..." ಇಲ್ಲಿ ಇನ್ನೊಮ್ಮೆ, ಈ ಸಲ ದೀರ್ಘವಾಗಿ. "...ಅವರ ಮೇಲೆ ಹೊರಿಸಿ ಅವರನ್ನು ಕೆಲಸದಿಂದ ತೆಗೆಯಲಾಯಿತು. ಹನ್ನೊಂದು ವರ್ಷ ನಿಷ್ಠೆಯಿಂದ ದುಡಿದ ಅವರಿಗೆ ಆದ ಅನ್ಯಾಯವನ್ನು ಕಚೇರಿ ಈ ಪುಟದಲ್ಲಿ ಒಪ್ಪಿಕೊಳ್ಳುತ್ತದೆ."

ಜನರಿಗೆ ಏನೂ ಗೊತ್ತಾಗಲಿಲ್ಲ. ಯಾರೋ ಚಪ್ಪಾಳೆಯನ್ನೂ ತಟ್ಟಿದರು. ಅವರು ದೊಡ್ಡ ಮನಸ್ಸಿನಿಂದ ಒಬ್ಬ ಡ್ರೈವರನ್ನು ನೆನೆದರೆಂದು ತಿಳಿದಿರಬೇಕು. ನನಗೆ ಬೇಕಾಗಿದ್ದದ್ದು ಜನರಿಗೆ ಗೊತ್ತಾಗುವುದಲ್ಲ. ಅವರ ಬಾಯಿಂದ ಅಪ್ಪನ ಹೆಸರು ಬರಬೇಕಿತ್ತು. ಬಂತು. ಎಂಟನೆಯವರ ಪುಟಕ್ಕೆ ಹೋಗುವ ಮೊದಲು ಅವರು ಕನ್ನಡಕದ ಮೇಲಿನಿಂದ ಕುರ್ಚಿಗಳ ಸಾಲುಗಳನ್ನು ಒಂದೊಂದಾಗಿ ನೋಡುತ್ತಾ ಬಂದು ನನ್ನ ಮೇಲೆ ನಿಲ್ಲಿಸಿದರು. ನಾನು ಕಣ್ಣು ತಗ್ಗಿಸಲಿಲ್ಲ. ಮರುದಿನದಿಂದ ಟ್ಯಾಕ್ಸಿಯಲ್ಲಿ ಹೋದೆ.

ಮೂರು ದಿನ ಬಿಟ್ಟು ಅವರು ಬೀಗದ ಕೈಗಳನ್ನು ಒಪ್ಪಿಸಲು ನನ್ನ ಮೇಜಿಗೆ ಬಂದರು. ಕೂರಲಿಲ್ಲ. "ನಿನಗೆ ಅವನದೇ ಮುಖ" ಎಂದರು. "ನಾಲ್ಕು ವರ್ಷ ಪಕ್ಕದಲ್ಲಿ ಕೂತಿದ್ದಿ, ನಾನು ನೋಡ್ಲೇ ಇಲ್ಲ."

ನಾನು ಒಪ್ಪಿಸುವ ಪಟ್ಟಿಯನ್ನು ತೆಗೆದೆ.

"ಸಂಜೀವ ಆವತ್ತು ಬಾಯಿ ಬಿಟ್ಟಿದ್ರೆ ನಾನು ಹೋಗ್ತಿದ್ದೆ. ನನಗೆ ಮೂರು ಸಣ್ಣ ಮಕ್ಕಳಿದ್ರು ಮಗಾ."

"ಅಪ್ಪನಿಗೆ ನಾವಿಬ್ಬರಿದ್ದೆವು. ನಾನು ಮತ್ತು ತಮ್ಮ."

ಅವರು ಇನ್ನೂ ಏನಕ್ಕೋ ಕಾದರು. ಕ್ಷಮಿಸು ಎಂಬ ಮಾತು ಅವರ ಬಾಯಿಂದ ಬರಲಿಲ್ಲ. ಪರವಾಗಿಲ್ಲ ಎಂಬ ಮಾತು ನನ್ನಿಂದ ಬರಲೆಂದು ಕಾಯುತ್ತಿದ್ದರು. ನಾನು ಹದಿನೇಳು ಕೀಲಿಗಳನ್ನು ಒಂದೊಂದಾಗಿ ಎಣಿಸಿ, ಪ್ರತಿಯೊಂದರ ಮುಂದೆ ಸಹಿ ಹಾಕಿಸಿಕೊಂಡೆ. ಒಂದೇ ಸಹಿ ಸಾಕಾಗುತ್ತಿತ್ತು. ಹದಿನೇಳು ಹಾಕಿಸಿದೆ. ಅವರು ಎಲ್ಲವನ್ನೂ ಹಾಕಿ, ಪೆನ್ನಿನ ಮುಚ್ಚಳ ಮುಚ್ಚಿ ಹೋದರು. ಆಮೇಲೆ ನಾನು ಅವರನ್ನು ನೋಡಲಿಲ್ಲ.

ಪುಸ್ತಕವನ್ನು ಅಪ್ಪನಿಗೆ ಕಳಿಸಿದ್ದೆ. ತಲುಪಿತು ಎಂದಷ್ಟೇ ಹೇಳಿದ್ದರು. ಇಂಗ್ಲಿಷಿನಲ್ಲಿದ್ದ ಆ ಪುಟವನ್ನು ಕನ್ನಡದಲ್ಲಿ ಬರೆದು, ಬೀಳ್ಕೊಡುಗೆಯ ದಿನ ಅದನ್ನು ಯಾರು, ಹೇಗೆ ಓದಿದರೆಂದೂ ಕೆಳಗೆ ಸೇರಿಸಿ ಒಳಗಿಟ್ಟಿದ್ದೆ. ಅದರ ಬಗ್ಗೆಯೂ ಅವರು ಮಾತೆತ್ತಲಿಲ್ಲ. ಕಳೆದ ತಿಂಗಳು ಸಾವಿನ ಸುದ್ದಿ ಬಂದ ದಿನ ನಾನೇ ಫೋನ್ ಮಾಡಿದೆ.

"ಅಪ್ಪಾ, ಆಫೀಸಿನ ಸಾರ್ ಹೋದ್ರಂತೆ. ಮಂಗಳೂರಲ್ಲಿ."

"ಹೌದಾ. ಎಂತ ಆಗಿತ್ತಂತೆ?"

"ಹೃದಯಾಘಾತ."

"ಮಕ್ಕಳು ಬಂದಿದ್ರಾ?"

"ಮೂವರೂ ಬಂದಿದ್ರಂತೆ."

"ಹ್ಞಾಂ." ಅಮ್ಮ ಹಿಂದಿನಿಂದ ಯಾರೆಂದು ಕೇಳಿದಳು. ಅಪ್ಪ ಅವಳಿಗೆ ಹೇಳಲಿಲ್ಲ. ಫೋನಿಗೆ ಬಾಯಿ ಹತ್ತಿರ ತಂದು, "ಆ ಪುಟ ಅಲ್ಲಿ ಉಂಟಾ ನಿನ್ನ ಹತ್ರ?" ಎಂದರು.

"ಉಂಟು."

"ಓದು."

ನಾನು ಓದಲು ಶುರು ಮಾಡಿದೆ. ಎರಡು ವಾಕ್ಯ ಮುಗಿದು ಅಪ್ಪನ ಹೆಸರು ಬರುವಷ್ಟರಲ್ಲಿ ಅವರೇ ತಡೆದರು.

"ಹಾಗಲ್ಲ ಮಗಾ, ಅವಸರ ಮಾಡಬೇಡ. ಅವರು ಎಲ್ಲೆಲ್ಲಿ ನಿಲ್ಲಿಸಿದ್ರೋ ಅಲ್ಲಲ್ಲಿ ನಿಲ್ಲಿಸು."